ಲಸಿಕೆಯಿಂದಾದ ಭುಜದ ಗಾಯಕ್ಕೆ ಪರಿಹಾರ

ತೋಳಿಗೆ ಹಾಕುವ ಲಸಿಕೆಯ ಸೂಜಿ ಡೆಲ್ಟಾಯ್ಡ್ ಸ್ನಾಯುವಿಗೆ ಇಳಿಯಬೇಕು. ತೀರ ಮೇಲೆ, ಭುಜದ ಮೂಳೆಯಂಚಿಗೆ ಚುಚ್ಚಿದರೆ ಔಷಧಿ ಕೀಲಿನ ಸುತ್ತಲಿನ ದ್ರವಚೀಲವನ್ನು ಸೇರಿ ಉರಿಯೂತವಾಗಬಹುದು. ಲಸಿಕೆ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಕೈ ನೋಯುವುದು ಮಾಮೂಲು. ಈ ಗಾಯದಲ್ಲಿ ನೋವು ತಿಂಗಳುಗಟ್ಟಲೆ ಉಳಿಯುತ್ತದೆ, ಕೈಯೆತ್ತಿ ತಲೆ ಬಾಚಲೂ ಆಗದು. ಇದು ಅಪರೂಪ, ಮುಖ್ಯ ಕಾರಣ ಚುಚ್ಚಿದ ಜಾಗ ತಪ್ಪುವುದು. ಆದ್ದರಿಂದ ಲಸಿಕೆಗೇ ಹೆದರಬೇಕಿಲ್ಲ.

ಅಮೆರಿಕ 2017ರ ಮಾರ್ಚ್‌ನಲ್ಲಿ ಈ ಗಾಯವನ್ನು ತನ್ನ ಲಸಿಕೆ ಹಾನಿ ಪರಿಹಾರ ಯೋಜನೆಯ ಪಟ್ಟಿಗೆ ಸೇರಿಸಿತು. ಆ ಭುಜದಲ್ಲಿ ಮೊದಲು ತೊಂದರೆ ಇರದೆ, 48 ಗಂಟೆಯೊಳಗೆ ನೋವು ಶುರುವಾಗಿದ್ದರೆ, ತಪ್ಪು ಯಾರದೆಂದು ಸಾಬೀತುಪಡಿಸದೆಯೂ ಅಲ್ಲಿ ಪರಿಹಾರ ಕೇಳಬಹುದು. ಭಾರತದಲ್ಲಿ, ಕೋವಿಡ್ ಲಸಿಕೆಯ ನಂತರ ತೀರಿಕೊಂಡ ಇಬ್ಬರು ಯುವತಿಯರ ಪೋಷಕರ ಅರ್ಜಿಗೆ 2022ರ ನವೆಂಬರ್‌ನಲ್ಲಿ ಉತ್ತರಿಸಿದ ಕೇಂದ್ರ ಸರ್ಕಾರ, ಸಿವಿಲ್ ನ್ಯಾಯಾಲಯಕ್ಕೋ ಗ್ರಾಹಕ ವೇದಿಕೆಗೋ ಹೋಗಬಹುದೆಂದು ಸುಪ್ರೀಂ ಕೋರ್ಟ್‌ಗೆ ತಿಳಿಸಿತು. ನೊಂದವರ ಹೆಗಲಿಗೇ ಎಲ್ಲ ಭಾರ ಹೊರಿಸುವ ಉತ್ತರ ಇದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನಿವಾಸಿಗಳಿಗೆ ದಾರಿ ಕವಲೊಡೆಯುವುದು ಲಸಿಕೆಗೆ ದುಡ್ಡು ಕೊಟ್ಟಿದ್ದರೇ ಎಂಬಲ್ಲಿ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ, ಹೆಸರಿಗೆ ಕಟ್ಟಿದ ನೋಂದಣಿ ಶುಲ್ಕದಿಂದಲೂ ಅದು ಬದಲಾಗುವುದಿಲ್ಲ ಎಂದು 1995ರ ವಿ.ಪಿ. ಶಾಂತಾ ತೀರ್ಪು ಹೇಳುತ್ತದೆ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಲಸಿಕೆ ಪಡೆದವರಿಗೆ ಸಿವಿಲ್ ದಾವೆಯೇ ಮುಖ್ಯ ದಾರಿ. ಸರ್ಕಾರದ ಮೇಲೆ ದಾವೆಯಾದರೆ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಹಣ ತೆತ್ತವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.

ಎರಡೂ ಕಡೆ ನಿರ್ಲಕ್ಷ್ಯವನ್ನು ಸಾಬೀತುಪಡಿಸಲೇಬೇಕು. ಸೂಜಿ ಚುಚ್ಚಿದ ಎತ್ತರ ಯಾವ ಚೀಟಿಯಲ್ಲೂ ಇರುವುದಿಲ್ಲವಾದ್ದರಿಂದ ಗುರುತು ಮಾಸುವ ಮೊದಲೇ ಫೋಟೊ ತೆಗೆಯುವುದು, ನೋವು ಶುರುವಾದ ದಿನವನ್ನು ವೈದ್ಯರಿಂದ ಬರೆಸಿಕೊಳ್ಳುವುದು, ಎಂಆರ್‌ಐ ಮಾಡಿಸುವುದು ಮುಖ್ಯ. ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮವಿದೆ. ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿದರೆ ಲಸಿಕೆ ನಂತರದ ಅಡ್ಡಪರಿಣಾಮದ ವರದಿಯೂ ದಾಖಲಾಗುತ್ತದೆ. ಅದು ಪರಿಹಾರ ಕೊಡಿಸದಿದ್ದರೂ ಸಾಕ್ಷ್ಯವಾಗಿ ನೆರವಾಗಬಲ್ಲದು.

ಇಲ್ಲಿ ಕಷ್ಟವಾಗುವುದು ಕೂಲಿ ನಷ್ಟದ ಲೆಕ್ಕ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರೂ ಚನ್ನಪಟ್ಟಣದಲ್ಲಿ ಕಡಚಲು ಯಂತ್ರದ ಮುಂದೆ ಕೂತು ಬೊಂಬೆಗೆ ಅರಗಿನ ಬಣ್ಣ ಹಚ್ಚುವವರೂ ದಿನವಿಡೀ ತೋಳನ್ನೇ ನಂಬಿದವರು. ಕೂಲಿ ಕೈಗೇ ಸಿಕ್ಕರೆ ರಸೀದಿ ಇರುವುದಿಲ್ಲ. ಮಾಲೀಕರ ಪತ್ರ, ಬ್ಯಾಂಕ್ ಪುಸ್ತಕ, ಜೊತೆ ಕೆಲಸಗಾರರ ಸಾಕ್ಷ್ಯದಿಂದ ಆದಾಯ ತೋರಿಸಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ 1987ರ ಕಾಯ್ದೆಯಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತ ವಕೀಲರು ಸಿಗುತ್ತಾರೆ.