ಚೆಲುವೆ ಇ-ಟೈಪ್, ಹಠಮಾರಿ 911

ಅರವತ್ತರ ದಶಕದ ಸ್ಪೋರ್ಟ್ಸ್ ಕಾರುಗಳ ಮಾತು ಬಂದರೆ ನಾನು ಮೊದಲಿಂದಲೂ ಜಾಗ್ವಾರ್ ಇ-ಟೈಪ್ ಪಕ್ಷ. ಆ ಉದ್ದನೆಯ ಮೂತಿ ನೋಡಿದರೇ ಸಾಕು... ಅದರ ಪಕ್ಕ ನಿಲ್ಲಿಸಿದರೆ ಪೋರ್ಷೆ 911 ಕುಕ್ಕರುಗಾಲಲ್ಲಿ ಕೂತ ಕಪ್ಪೆ. ಆದರೆ ಇ-ಟೈಪ್ ತಯಾರಿಕೆ 1974ರಲ್ಲೇ ಮುಗೀತು, ಕಪ್ಪೆ ಇವತ್ತಿಗೂ ಜಿಗೀತಾ ಇದೆ. ಹೀಗ್ಯಾಕೆ ಅಂತ ತಲೆಕೆಡಿಸಿಕೊಂಡು ಓದಿದ್ದರ ಫಲ ಈ ಬರಹ.

1961ರ ಮಾರ್ಚ್, ಜಿನೀವಾ ಕಾರು ಪ್ರದರ್ಶನ. ಇ-ಟೈಪ್ ಓಡಿಸಿ ನೋಡಲು ಎಷ್ಟು ಜನ ಮುಗಿಬಿದ್ದರೆಂದರೆ, ಇನ್ನೊಂದು ಕಾರು ಬೇಕೆಂದು ಕವೆಂಟ್ರಿಗೆ ಹೇಳಿಕಳಿಸಬೇಕಾಯಿತು. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ರಾತ್ರಿಯಿಡೀ ಓಡಿಸಿಕೊಂಡು ಬೆಳಿಗ್ಗೆ ತಂದು ನಿಲ್ಲಿಸಿದರು! ಮೈಕಟ್ಟು ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ಕಂಪನಿಯಲ್ಲಿ ಪಳಗಿದವರು. 1955ರಿಂದ 57ರವರೆಗೆ ಸತತ ಮೂರು ವರ್ಷ ಲ ಮಾನ್ ಗೆದ್ದ ಡಿ-ಟೈಪ್ ಇದರ ಅಣ್ಣ. 3.8 ಲೀಟರಿನ ಎಂಜಿನ್, 265 ಕುದುರೆಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಬೆಲೆ ಆಸ್ಟನ್ ಮಾರ್ಟಿನ್ ಡಿಬಿ4ರ ಹೆಚ್ಚುಕಡಿಮೆ ಅರ್ಧ. ಗಂಟೆಗೆ 240 ಕಿಮೀ ಅಂತ ಹೇಳಿಕೊಂಡಿದ್ದರು. ಅದು ಪತ್ರಿಕೆಯವರಿಗೆಂದೇ ಹದಮಾಡಿ ಕೊಟ್ಟ ಕಾರಿನ ಲೆಕ್ಕ, ನಮ್ಮ ಡೆಮೋ ದಿನದ ಸರ್ವರ್ ಇದ್ದ ಹಾಗೆ :-)

ಕಪ್ಪೆ ಬಂದದ್ದು 1963ರ ಸೆಪ್ಟೆಂಬರಿನಲ್ಲಿ, ಫ್ರಾಂಕ್‌ಫರ್ಟ್‌ಗೆ. ಆಗ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಪ್ಯೂಜೋ ತಕರಾರು ತೆಗೆದಿದ್ದಕ್ಕೆ 911 ಆಯಿತು. ಎರಡು ಲೀಟರಿನ ಎಂಜಿನ್, ಶಕ್ತಿ ಬರೀ 130. ಅದೂ ಹಿಂದಿನ ಚಕ್ರಗಳಿಗಿಂತ ಹಿಂದೆ! ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟಿರೋ, ಬಾಲವೇ ಮುಂದೆ ಬರುತ್ತಿತ್ತು.

ಇದಕ್ಕೆ ಪೋರ್ಷೆಯವರು ಕಂಡುಕೊಂಡ ಮೊದಲ ಪರಿಹಾರ ಏನು ಗೊತ್ತಾ? ಮುಂದಿನ ಬಂಪರಿನ ಎರಡೂ ತುದಿಗೆ ತಲಾ 11 ಕಿಲೋ ಎರಕದ ಕಬ್ಬಿಣ ಬಚ್ಚಿಟ್ಟಿದ್ದು! ಶುಕ್ರವಾರ ಸಂಜೆ ನಾವು ಕೋಡಿಗೆ ಹಾಕುವ ತೇಪೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. 1969ರ ಮಾಡೆಲ್ಲಿಗೆ ಎಂಜಿನ್ ಇದ್ದಲ್ಲೇ ಬಿಟ್ಟು, ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. 1972ರಲ್ಲಿ ಬಂದ 2.7 ಲೀಟರಿನ ಆರ್‌ಎಸ್‌ಗೆ ಬಾತುಕೋಳಿಯ ಬಾಲದಂಥ ಸ್ಪಾಯ್ಲರ್ ಇಟ್ಟರು, ವೇಗದಲ್ಲಿ ಹಿಂಭಾಗ ಮೇಲೇಳದಿರಲಿ ಅಂತ. ಒಂದೇ ತಪ್ಪು, ಅದರ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ.

ಜಾಗ್ವಾರಿನವರೂ ಸುಮ್ಮನಿರಲಿಲ್ಲ. 1964ರಲ್ಲಿ 4.2 ಲೀಟರ್ ಎಂಜಿನ್ನಿನ ಜೊತೆ ಒಳ್ಳೆಯ ಗೇರ್‌ಬಾಕ್ಸ್ ಕೊಟ್ಟರು. ಆಮೇಲೆ ಅಮೆರಿಕದ ಕಾಯ್ದೆಗಳಿಗಾಗಿ ಹೆಡ್‌ಲೈಟಿನ ಗಾಜು ಹೋಯಿತು, ಹಿಂದೆ ಸೀಟು ಬಂತು, 1971ಕ್ಕೆ 12 ಸಿಲಿಂಡರಿನ ಎಂಜಿನ್ನೂ ಬಂತು. ಸಪೂರ ಹುಡುಗಿ ದಪ್ಪಗಾಗುತ್ತಾ ಹೋದಳು. ಹುಟ್ಟುವಾಗಲೇ ಪರಿಪೂರ್ಣವಾಗಿದ್ದದ್ದಕ್ಕೆ ಸೇರಿಸಿದ್ದೆಲ್ಲ ಹೊರೆಯೇ ಆಯಿತೇನೋ ಅಂತ ನನ್ನ ಗುಮಾನಿ.

ಹಾಗಂತ ಪೋರ್ಷೆಗೂ 911 ಸಾಕಾಗಿತ್ತು. ಎಂಜಿನ್ ಮುಂದಿರುವ 928 ಅನ್ನು 1977ರಲ್ಲಿ ತಂದದ್ದೇ ಇದರ ಜಾಗಕ್ಕೆ. 1981ರಲ್ಲಿ ಕಂಪನಿಯ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಜ್, ಗೋಡೆಯ ಚಾರ್ಟಿನಲ್ಲಿ 911ರ ಗೆರೆ ಆ ವರ್ಷಕ್ಕೇ ನಿಂತಿದ್ದು ನೋಡಿ, ಮಾರ್ಕರ್ ತಗೊಂಡು ಗೋಡೆ ದಾಟಿ ಬಾಗಿಲಾಚೆವರೆಗೂ ಎಳೆದರಂತೆ. ಅವರೇ ಹೇಳಿಕೊಂಡ ಕಥೆ ಇದು.

ನನ್ನ ಕಂಪ್ಯೂಟರಿನ ವಾಲ್‌ಪೇಪರ್ ಮಾತ್ರ ಈಗಲೂ ಇ-ಟೈಪೇ!