ಪ್ರಿಪೊಸಿಷನ್ ಪದಗುಚ್ಛಗಳ ಜೋಡಣೆ

ಇಂಗ್ಲಿಷಿನಲ್ಲಿ ಎರಡೋ ಹೆಚ್ಚೋ ಪ್ರಿಪೊಸಿಷನ್ ಪದಗುಚ್ಛಗಳನ್ನು ‘ಆ್ಯಂಡ್’, ‘ಆರ್’ಗಳಿಂದ ಕೂಡಿಸುವ ಕ್ರಮ. ‘ಇನ್ ಕಾಶಿ ಆ್ಯಂಡ್ ಪ್ರಯಾಗ್’ ಎಂದಾಗ ಒಂದೇ ‘ಇನ್’ ಎರಡೂ ಊರುಗಳಿಗೆ ಸಲ್ಲುತ್ತದೆ. ಅದನ್ನು ಮತ್ತೊಮ್ಮೆ ಹೇಳಿದರೆ ಊರುಗಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಕನ್ನಡದಲ್ಲಿ ‘ಕಾಶಿಯಲ್ಲೂ ಪ್ರಯಾಗದಲ್ಲೂ’ ಎಂಬುದು ಈ ಎರಡನೆಯ ಕೆಲಸವನ್ನು ಇನ್ನೂ ಸೊಗಸಾಗಿ ಮಾಡುತ್ತದೆ. ‘ಟು ಆ್ಯಂಡ್ ಫ್ರಮ್ ವಾರಣಾಸಿ’ ಎಂಬ ಬಳಕೆಯಲ್ಲಿ ಪ್ರಿಪೊಸಿಷನ್ ಎರಡು, ನಾಮಪದ ಒಂದೇ. ನಮ್ಮ ವಿಭಕ್ತಿ ಪ್ರತ್ಯಯ ಹೀಗೆ ಒಂಟಿಯಾಗಿ ನಿಲ್ಲದು. ‘ವಾರಣಾಸಿಗೆ ಹೋಗುವ, ಅಲ್ಲಿಂದ ಬರುವ ರೈಲುಗಳು’ ಎಂದು ಬಿಡಿಸಿ ಹೇಳುವುದೇ ಸರಿ.

ಇಂಥ ಜೋಡಣೆಯ ಅರ್ಥವಿಚಾರವನ್ನು ಸಂಸ್ಕೃತದಲ್ಲಿ ಕಾಶಿಯ ವೈಯಾಕರಣರು ಬಹು ಸೂಕ್ಷ್ಮವಾಗಿ ನಡೆಸಿದ್ದಾರೆ. ಪಾಣಿನಿಯ ಅಷ್ಟಾಧ್ಯಾಯಿಯ 2.2.29ನೆಯ ಸೂತ್ರ ‘ಚ’ (ಮತ್ತು) ಎಂಬುದರ ಅರ್ಥದಲ್ಲಿ ದ್ವಂದ್ವ ಸಮಾಸವನ್ನು ವಿಧಿಸುತ್ತದೆ. 17ನೆಯ ಶತಮಾನದ ಆಸುಪಾಸಿನಲ್ಲಿ ಕಾಶಿಯಲ್ಲಿದ್ದ ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿ ಈ ‘ಚ’ಕ್ಕೆ ಸಮುಚ್ಚಯ, ಅನ್ವಾಚಯ, ಇತರೇತರಯೋಗ, ಸಮಾಹಾರ ಎಂಬ ನಾಲ್ಕು ಅರ್ಥ ಹೇಳುತ್ತದೆ. ಸಮಾಸವಾಗುವುದು ಕೊನೆಯ ಎರಡರಲ್ಲಿ ಮಾತ್ರ. ಇವುಗಳಲ್ಲಿ ಅನ್ವಾಚಯವೇ ಅತಿ ಸ್ವಾರಸ್ಯಕರ: ಭಿಕ್ಷೆಗೆ ಹೊರಟವನಿಗೆ ಹಸುವನ್ನೂ ಕರೆತರಲು ಹೇಳಿದರೆ ಭಿಕ್ಷೆಯೇ ಮುಖ್ಯ, ಹಸು ಕಂಡರೆ ತರಬೇಕು. ಇಂಗ್ಲಿಷಿನ ‘ಆ್ಯಂಡ್’ ಈ ಮುಖ್ಯ-ಗೌಣ ಭೇದವನ್ನು ತಾನಾಗಿ ತೋರಿಸದು, ಸಂದರ್ಭದಿಂದ ತಿಳಿಯಬೇಕು.

1791ರಲ್ಲಿ ಸ್ಥಾಪನೆಯಾದ ಬನಾರಸಿನ ಸಂಸ್ಕೃತ ಕಾಲೇಜಿನಲ್ಲಿ ಸಂಸ್ಕೃತ, ಇಂಗ್ಲಿಷ್ ವ್ಯಾಕರಣಗಳೆರಡೂ ಮುಖಾಮುಖಿಯಾದವು. 1846ರಿಂದ ಅದರ ಮುಖ್ಯಸ್ಥರಾಗಿದ್ದ ಜೇಮ್ಸ್ ಬ್ಯಾಲಂಟೈನ್ ಸಂಸ್ಕೃತ ವ್ಯಾಕರಣಗ್ರಂಥವಾದ ಲಘುಕೌಮುದಿಯನ್ನು ಇಂಗ್ಲಿಷಿಗೆ ಅನುವಾದಿಸಿದರು. ಆ ಕಾಲೇಜೇ ಇಂದಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯ.