ನೂರಮೂರು ದಿನಗಳ ನಿರೂಪಗಳು

1898ರ ಜೂನ್ 11ರಂದು ಬೀಜಿಂಗ್ ಅರಮನೆಯಿಂದ ಒಂದು ನಿರೂಪ ಹೊರಟಿತು. ಚೀನಾ ಬದಲಾಗಲೇಬೇಕು ಎಂದು ಚಿಂಗ್ ವಂಶದ ಚಕ್ರವರ್ತಿ ಗುವಾಂಗ್‌ಶು ಸಾರಿದ್ದ. ಅವನಿಗಾಗ 26 ವರ್ಷ. ಮೂರು ವರ್ಷಗಳ ಹಿಂದೆ ಜಪಾನಿಗೆ ಸೋತು, ತೈವಾನ್ ಬಿಟ್ಟುಕೊಟ್ಟು, 20 ಕೋಟಿ ತಾಯೆಲ್ ಬೆಳ್ಳಿ ತೆರಲು ಒಪ್ಪಿದ ಅವಮಾನ ಇನ್ನೂ ಹಸಿಯಾಗಿತ್ತು.

ಆ ನಿರೂಪದ ಕರಡು ಬರೆದವನು ಚಕ್ರವರ್ತಿಯ ವೃದ್ಧ ಗುರು ವೆಂಗ್ ತೊಂಗ್‌ಹೆ. ನಾಲ್ಕೇ ದಿನಗಳಲ್ಲಿ ಅವನ ಪದವಿ ಹೋಯಿತು. ಬೇಸಿಗೆ ಅರಮನೆಯಲ್ಲಿದ್ದ ರಾಜಮಾತೆ ತ್ಸಿಶಿಯ ಕೈ ಎಷ್ಟು ಉದ್ದವೆಂದು ದರ್ಬಾರಿಗೆ ಅಂದೇ ತಿಳಿಯಿತು.

ಆದರೂ ಗುವಾಂಗ್‌ಶು ಹಿಂಜರಿಯಲಿಲ್ಲ. ಸುಧಾರಕ ಕಾಂಗ್ ಯೂವೆಯನ್ನು ಕರೆಸಿ ಮಾತಾಡಿದ. ಕೃಷಿ, ವ್ಯಾಪಾರ, ರೈಲು, ಗಣಿಗಳಿಗೆ ಹೊಸ ಕಚೇರಿಗಳನ್ನು ತೆರೆದ. ಕೆಲಸವಿಲ್ಲದ ಹುದ್ದೆಗಳನ್ನು ರದ್ದುಮಾಡಿದ. ಎಲ್ಲಕ್ಕಿಂತ ಆಳಕ್ಕೆ ನಾಟಿದ್ದು ಪರೀಕ್ಷೆಯ ಸುಧಾರಣೆ. ಸರ್ಕಾರಿ ಪದವಿ ಬಯಸಿದವನು ಕೈಚಾಚಿದರೆ ಗೋಡೆ ತಗುಲುವಂಥ ಗೂಡಿನಲ್ಲಿ ಕೂತು ಬರೆಯಬೇಕಿತ್ತು. ಅಲ್ಲಿ ಇದ್ದದ್ದು ಎರಡು ಹಲಗೆ: ಹಗಲು ಒಂದು ಆಸನ, ಒಂದು ಮೇಜು, ರಾತ್ರಿ ಎರಡೂ ಸೇರಿ ಮಂಚ. ಅಲ್ಲಿ ಬರೆಯುವ ಎಂಟು ಅಂಗದ ಪ್ರಬಂಧಕ್ಕಾಗಿ ಬಾಲ್ಯದಿಂದ ಕಣ್ಣು ಸವೆಸಿದವರು ನಾಡಿನ ತುಂಬ ಇದ್ದರು. ಆ ಪ್ರಬಂಧ ಇನ್ನು ಬೇಡವೆಂದಾಗ ಅವರ ಕಾಲ ಕೆಳಗಿನ ನೆಲವೇ ಜಾರಿತು. ಅವರ ದಿಗಿಲನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು.

ನಿರೂಪಗಳು ಪ್ರಾಂತಗಳಿಗೆ ಹೋದವು, ಅಲ್ಲೇ ಉಳಿದವು. ಹುನಾನ್‌ನ ಚೆನ್ ಬಾವೋಜೆನ್‌ನಂಥವರನ್ನು ಬಿಟ್ಟರೆ ಅಧಿಕಾರಿಗಳೆಲ್ಲ ಯಾವ ಅರಮನೆ ಗೆಲ್ಲುವುದೋ ಎಂದು ಕಾದು ಕುಳಿತರು. ಚಕ್ರವರ್ತಿಯ ಬಳಿ ಮುದ್ರೆಯಿತ್ತು, ಸೇನೆ ಇರಲಿಲ್ಲ. ಇಡೀ ದುರಂತದ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಸೆಪ್ಟೆಂಬರ್ 18ರ ರಾತ್ರಿ ಸುಧಾರಕ ತಾನ್ ಸಿತೊಂಗ್, ಹೊಸ ಸೇನೆಯ ದಳಪತಿ ಯುವಾನ್ ಶಿಕಾಯ್ ಇಳಿದುಕೊಂಡಿದ್ದ ಗುಡಿಗೆ ಹೋಗಿ ನೆರವು ಬೇಡಿದ. ಯುವಾನನ ಸೇನೆ ಕದಲಲಿಲ್ಲ. 21ರಂದು ತ್ಸಿಶಿ ಆಡಳಿತವನ್ನು ಮತ್ತೆ ಕೈಗೆತ್ತಿಕೊಂಡಳು. ಚಕ್ರವರ್ತಿ ಸರೋವರದ ನಡುವಿನ ಯಿಂಗ್‌ತಾಯ್ ನಡುಗಡ್ಡೆಯಲ್ಲಿ ಸೆರೆಯಾದ. ಕಾಂಗ್ ಹಾಂಗ್‌ಕಾಂಗಿಗೆ ಪಾರಾದ, ಅವನ ಶಿಷ್ಯ ಲಿಯಾಂಗ್ ಚಿಚಾವೊ ಜಪಾನಿಗೆ. ತಾನ್‌ಗೂ ದಾರಿ ತೆರೆದಿತ್ತು, ಅವನು ಹೋಗಲೊಲ್ಲೆನೆಂದ. 28ರಂದು ವಿಚಾರಣೆಯೇ ಇಲ್ಲದೆ ಬೀಜಿಂಗ್‌ನ ತ್ಸಾಯ್‌ಶಿಕೌ ಸಂತೆಬೀದಿಯಲ್ಲಿ ಆರು ಜನರ ತಲೆ ಕಡಿದರು. ಅವರಲ್ಲಿ 33ರ ಹರೆಯದ ತಾನ್ ಒಬ್ಬ.

ಮೂರು ವರ್ಷ ಕಳೆಯುವುದರೊಳಗೆ ವಿದೇಶಿ ಸೇನೆಗಳು ಬೀಜಿಂಗನ್ನು ತುಳಿದವು. ಆಗ ಅದೇ ತ್ಸಿಶಿ ಅದೇ ಸುಧಾರಣೆಗಳಿಗೆ ಕೈಹಾಕಿದಳು. 1905ರಲ್ಲಿ ಆ ಪರೀಕ್ಷೆಯನ್ನೇ ನಿಲ್ಲಿಸಿದಳು. 1908ರ ನವೆಂಬರ್ 14ರಂದು ಗುವಾಂಗ್‌ಶು ತೀರಿಕೊಂಡ, ಮರುದಿನ ಅವಳು. 1912ರಲ್ಲಿ ಚಿಂಗ್ ಸಿಂಹಾಸನವೇ ಬರಿದಾಯಿತು.

ನೂರಮೂರು ದಿನಗಳ ನಿರೂಪಗಳಲ್ಲಿ ತ್ಸಿಶಿ ಅಳಿಸದೆ ಬಿಟ್ಟವುಗಳಲ್ಲಿ ಒಂದು, ರಾಜಧಾನಿಗೊಂದು ವಿಶ್ವವಿದ್ಯಾಲಯ ಬೇಕೆಂಬುದು. 1919ರ ಮೇ 4ರಂದು ಟಿಯಾನನ್‌ಮೆನ್ ಎದುರು ಪ್ರತಿಭಟನೆಗೆ ನೆರೆದ ವಿದ್ಯಾರ್ಥಿಗಳಲ್ಲಿ ಆ ವಿಶ್ವವಿದ್ಯಾಲಯದಿಂದ ಬಂದವರು ಮುಂಚೂಣಿಯಲ್ಲಿದ್ದರು.